ಪುಟ್ಟ ಎಂಜಿನ್ ಮೇಲೆ ಹರಳೆಣ್ಣೆಯ ವಾರ್ನಿಷ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಕಾಕ್ಸ್ ಕಂಪನಿ 1956ರಲ್ಲಿ ‘ಬೇಬ್ ಬೀ’ ಎಂಬ ಎಂಜಿನ್ನನ್ನು ಮಾರುಕಟ್ಟೆಗೆ ಬಿಟ್ಟಿತು. ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದರೆ ಕಾಣದಂತೆ ಅಡಗುವಷ್ಟು ಚಿಕ್ಕದು. ಅದರ ಸಾಮರ್ಥ್ಯ 0.8 ಸಿಸಿ, ಅಂದರೆ ಟೀ ಚಮಚದ ಆರನೇ ಒಂದು ಪಾಲೂ ಇಲ್ಲ. ಅಷ್ಟರಲ್ಲೇ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿ, ಕಿವಿಗಡಚಿಕ್ಕುವಂತೆ ಕಿರುಚುತ್ತ, ಮಕ್ಕಳ ಕೈಯ ದಾರಕ್ಕೆ ಕಟ್ಟಿದ ವಿಮಾನವನ್ನು ಸುತ್ತಿಸುತ್ತಿತ್ತು. ಆ ಪೀಳಿಗೆಯ ಎಂಜಿನ್‌ಗಳು ಈಗಲೂ ಪ್ರಪಂಚದ ಎಷ್ಟೋ ಅಟ್ಟಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ಬಿದ್ದಿವೆ. ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದು ಏರೋಮಾಡೆಲಿಂಗ್ ಕಲಿತ ನಮ್ಮವರ ಮನೆಗಳಲ್ಲೂ ಇಂಥ ಪುಟ್ಟ ಎಂಜಿನ್ ಒಂದೊಂದು ಇದ್ದರೆ ಆಶ್ಚರ್ಯವಿಲ್ಲ. ತೆಗೆದು ನೋಡಿದರೆ ಎಲ್ಲದರ ಅವಸ್ಥೆಯೂ ಒಂದೇ: ಮೈಮೇಲೆ ಜೇನಿನ ಬಣ್ಣದಿಂದ ಹಿಡಿದು ಕಡುಗಪ್ಪಿನವರೆಗೆ ಗಟ್ಟಿಯಾಗಿ ಕೂತ ಲೇಪ, ಎಷ್ಟು ತಿರುಗಿಸಿದರೂ ಅಲುಗದ ಶಾಫ್ಟ್.

ಜಿಡ್ಡೆಂದುಕೊಂಡು ಸೋಪು ಹಾಕಿ ಉಜ್ಜಿದರೆ ಅದು ಜಗ್ಗುವುದಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿಟ್ಟರೂ ಅಷ್ಟೇ. ಇಂಧನದ ಜೊತೆ ಎಣ್ಣೆಯಾಗಿ ಬಂದದ್ದು ಲೋಹದ ಮೇಲೆ ಬಣ್ಣದಂತೆ ಒಣಗಿ ಕೂತಿದೆ. ಇದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಸುರಿದು ಎಷ್ಟೋ ಒಳ್ಳೆಯ ಎಂಜಿನ್‌ಗಳನ್ನು ಹಾಳು ಮಾಡಿದವರಿದ್ದಾರೆ.

ಆ ಎಣ್ಣೆ ನಮ್ಮೆಲ್ಲರಿಗೂ ಗೊತ್ತಿರುವ ಹರಳೆಣ್ಣೆಯೇ. ಬಾಲ್ಯದಲ್ಲಿ ಮೂಗು ಹಿಡಿದು ಕುಡಿಸಿದ್ದು ನೆನಪಿರುವವರಿಗೆ ಬೇರೆ ಪರಿಚಯ ಬೇಡ. ಅದು ಈ ಎಂಜಿನ್‌ಗಳಿಗೆ ಏಕೆ ಬೇಕಾಯಿತು ಎಂಬುದನ್ನು ನೋಡೋಣ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಇಂಧನ ಹೊತ್ತಿಸುವ ಗ್ಲೋ ಪ್ಲಗ್ ಎಂಬ ಸಾಧನವನ್ನು ಬಳಕೆಗೆ ತಂದರು. ಶುರುವಿಗೆ ಮಾತ್ರ ಬ್ಯಾಟರಿ ಬೇಕು. ಆಮೇಲೆ ಅದನ್ನು ಕಿತ್ತರೂ ಪ್ಲಗ್ಗಿನೊಳಗಿನ ಪ್ಲಾಟಿನಂ ತಂತಿ ಕೆಂಪಗೇ ಇರುತ್ತದೆ. ಒಳಗಿನ ಉರಿಯ ಶಾಖ ಒಂದು ಕಾರಣವಾದರೆ, ಮೆಥನಾಲ್ ಆವಿ ಪ್ಲಾಟಿನಂ ಸೋಕಿದೊಡನೆ ಆಮ್ಲಜನಕದೊಂದಿಗೆ ಕೂಡಿ ಶಾಖ ಬಿಡುವುದು ಇನ್ನೊಂದು. ಹಾಗಾಗಿ ಈ ಎಂಜಿನ್‌ಗಳ ಇಂಧನ ಮೆಥನಾಲ್, ಜೊತೆಗೆ ಒಂದಿಷ್ಟು ನೈಟ್ರೋಮೀಥೇನ್. ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಕೀಲೆಣ್ಣೆಯನ್ನೂ ಇಂಧನದಲ್ಲೇ ಬೆರೆಸಬೇಕು, ಅದೂ ಹೆಚ್ಚುಕಡಿಮೆ ಐದನೇ ಒಂದು ಭಾಗ. ಮೆಥನಾಲ್‌ನಲ್ಲಿ ಪೆಟ್ರೋಲಿಯಂ ಎಣ್ಣೆ ಕರಗುವುದಿಲ್ಲ, ಹರಳೆಣ್ಣೆ ಕರಗುತ್ತದೆ.

ಏಕೆ ಕರಗುತ್ತದೆ? ಹರಳೆಣ್ಣೆಯ ಸುಮಾರು ಶೇ 90ರಷ್ಟು ಭಾಗ ರಿಸಿನೋಲಿಕ್ ಆಮ್ಲ ಎಂಬ ಒಂದೇ ಕೊಬ್ಬಿನಾಮ್ಲದಿಂದಾದದ್ದು. ಹದಿನೆಂಟು ಇಂಗಾಲದ ಪರಮಾಣುಗಳ ಸರಪಳಿ ಅದು. ಅದರ ಹನ್ನೆರಡನೆಯ ಇಂಗಾಲಕ್ಕೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ, ಅಂದರೆ ಹೈಡ್ರಾಕ್ಸಿಲ್ ಗುಂಪು, ಅಂಟಿಕೊಂಡಿದೆ. ಶೇಂಗಾ, ಕುಸುಬೆ, ಕೊಬ್ಬರಿ ಎಣ್ಣೆಗಳಿಗೆ ಈ ಗುಂಪು ಇಲ್ಲ. ಇದಿರುವುದರಿಂದಲೇ ಹರಳೆಣ್ಣೆ ಇಷ್ಟು ಮಂದ, ಇದರಿಂದಲೇ ಅದು ಆಲ್ಕೊಹಾಲ್ ಜೊತೆ ಬೆರೆಯುತ್ತದೆ, ಪೆಟ್ರೋಲಿನಿಂದ ದೂರ ಇರುತ್ತದೆ. ಮೊದಲ ಮಹಾಯುದ್ಧದ ನೋಮ್, ಲ ರೋನ್ ರೋಟರಿ ಎಂಜಿನ್‌ಗಳು ಇದೇ ಗುಣವನ್ನು ತಲೆಕೆಳಗಾಗಿ ಬಳಸಿಕೊಂಡವು. ಅವುಗಳಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದುಹೋಗುತ್ತಿತ್ತು. ಬೇರೆ ಎಣ್ಣೆಯಾಗಿದ್ದರೆ ಪೆಟ್ರೋಲ್ ಅದನ್ನು ತೊಳೆದುಬಿಡುತ್ತಿತ್ತು. ಎಂಜಿನ್ ಉಗುಳಿದ ಹರಳೆಣ್ಣೆಯ ಹನಿಗಳನ್ನು ನುಂಗಿ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬ ಕಥೆಯೂ ಅಂದಿನಿಂದ ಚಾಲ್ತಿಯಲ್ಲಿದೆ.

ಈ ಗುಣವೇ ಮುಂದೆ ಅವಗುಣವಾಗುತ್ತದೆ. ಬಿಸಿ ಏರಿದಂತೆ ಆ ಹೈಡ್ರಾಕ್ಸಿಲ್ ಗುಂಪು ಪಕ್ಕದ ಜಲಜನಕವನ್ನೂ ಸೇರಿಸಿಕೊಂಡು ನೀರಾಗಿ ಕಳಚಿಕೊಳ್ಳಬಲ್ಲದು. ಆಗ ಸರಪಳಿಯಲ್ಲಿ ಮೊದಲೇ ಇದ್ದ ಒಂದು ಜೋಡಿಬಂಧದ ಜೊತೆಗೆ ಇನ್ನೊಂದು ಹುಟ್ಟುತ್ತದೆ. ಹೀಗೆ ನೀರು ಕಳೆದ ಹರಳೆಣ್ಣೆ ಗಾಳಿಗೆ ಒಣಗುವ ಎಣ್ಣೆ; ಬಣ್ಣದ ಕಾರ್ಖಾನೆಗಳು ಅದನ್ನು ಬೇಕೆಂದೇ ತಯಾರಿಸಿ ಪೇಂಟು, ವಾರ್ನಿಷ್‌ಗಳಲ್ಲಿ ಬಳಸುತ್ತವೆ. ಜೋಡಿಬಂಧಗಳಿರುವಲ್ಲಿ ಆಮ್ಲಜನಕ ಕೈಹಾಕಿ ಅಣುವಿಗೆ ಅಣುವನ್ನು ಹೆಣೆಯುತ್ತದೆ. ಎಂಜಿನ್ನಿನ ತಲೆಯ ಮೇಲೆ, ತಂಪಿಗೆಂದು ಬಿಟ್ಟ ಫಿನ್‌ಗಳ ಸಂದಿಯಲ್ಲಿ, ಎಕ್ಸಾಸ್ಟ್ ಕಿಂಡಿಯ ಸುತ್ತ ನಡೆಯುವುದು ಇದೇ. ಹೊಸ ಕಬ್ಬಿಣದ ದೋಸೆಹಂಚಿಗೆ ಎಣ್ಣೆ ಸವರಿ, ಕಾಯಿಸಿ ಪಳಗಿಸುತ್ತಾರಲ್ಲ, ಆ ಕಪ್ಪು ಮೆರುಗು ಹುಟ್ಟುವುದೂ ಹೀಗೆಯೇ. ಹಂಚಿಗೆ ವರವಾದದ್ದು ಎಂಜಿನ್ನಿಗೆ ಶಾಪ: ಫಿನ್ ಮೇಲೆ ಲೇಪ ದಪ್ಪಗಾದಷ್ಟೂ ಶಾಖ ಹೊರಹೋಗುವುದು ಕಷ್ಟ, ಶಾಖ ಉಳಿದಷ್ಟೂ ಹೊಸ ಎಣ್ಣೆ ಬೇಗ ಬೇಯುತ್ತದೆ.

ಹಾಗಿದ್ದರೂ ಹರಳೆಣ್ಣೆಯನ್ನು ಪೂರ್ತಿ ಬಿಟ್ಟವರು ಕಡಿಮೆ. ಸಿಂಥೆಟಿಕ್ ಎಣ್ಣೆ ಶುಚಿಯಾಗಿ ಉರಿದುಹೋಗುತ್ತದೆ ನಿಜ. ಆದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ ಎಂಜಿನ್ ಮಿತಿಮೀರಿ ಕಾದಾಗ ಪಿಸ್ಟನ್ನಿನ ಮೇಲೆ ಕೊನೆಯ ತನಕ ಉಳಿಯುವುದು ಹರಳೆಣ್ಣೆಯ ಪದರ. ಇಂದಿನ ಇಂಧನಗಳಲ್ಲಿ ಎರಡನ್ನೂ ಬೆರೆಸುವುದು ಅದಕ್ಕೇ.

ಈಗ ತೊಳೆಯುವ ಮಾತು. ಕಪ್ಪಾದ ಲೋಹ ಕಂಡರೆ ನಮ್ಮ ಕೈ ಮೊದಲು ಹೋಗುವುದು ಹುಣಸೆಹಣ್ಣಿಗೆ. ಹುಣಸೆಯ ಆಮ್ಲ ಹಿತ್ತಾಳೆ, ತಾಮ್ರಗಳ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ಇಲ್ಲಿರುವುದು ಲೋಹದ ಆಕ್ಸೈಡಲ್ಲ, ಇಂಗಾಲದ ಹೆಣಿಗೆ. ಅದಕ್ಕೆ ಹುಣಸೆ, ನಿಂಬೆ, ವಿನೆಗರ್ ಯಾವುದೂ ತಾಗುವುದಿಲ್ಲ. ಹಳೆಯ ಕೆಲವು ರೇಸಿಂಗ್ ಎಂಜಿನ್‌ಗಳ ಕವಚ ಮೆಗ್ನೀಸಿಯಂನದು. ಅದಕ್ಕೆ ವಿನೆಗರ್ ಬಿದ್ದರೆ ಬುರುಬುರು ನೊರೆ ಬಂದು ಲೋಹವೇ ಕರಗುತ್ತದೆ, ಕೊಳೆ ಹಾಗೇ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕ್ಷಾರದ್ದು. ಅವನ್ ಕ್ಲೀನರ್, ಕಟ್ಟಿದ ಪೈಪು ಬಿಡಿಸುವ ಪುಡಿ ಇವುಗಳ ಜೀವಾಳ ಕಾಸ್ಟಿಕ್ ಸೋಡಾ. ಸುಟ್ಟ ಎಣ್ಣೆಯನ್ನು ಅದು ಸಾಬೂನಾಗಿಸಿ ಸಲೀಸಾಗಿ ಕಿತ್ತು ತೆಗೆಯುತ್ತದೆ, ಸುಳ್ಳಲ್ಲ. ಆದರೆ ಎಂಜಿನ್ನಿನ ಬಹುಪಾಲು ಅಲ್ಯೂಮಿನಿಯಂ. ಗಾಳಿಗೆ ಒಡ್ಡಿದ ಅಲ್ಯೂಮಿನಿಯಂ ತನ್ನ ಮೇಲೆ ತಾನೇ ತೆಳುವಾದ ಆಕ್ಸೈಡ್ ಕವಚ ಹೊದ್ದುಕೊಂಡಿರುತ್ತದೆ. ಆ ಕವಚಕ್ಕೆ ಆಮ್ಲವೂ ಆಗದು, ಕ್ಷಾರವೂ ಆಗದು. ಪಿಎಚ್ 4ರಿಂದ 8.5ರ ಆಸುಪಾಸಿನಲ್ಲಿ ಮಾತ್ರ ಅದು ಕ್ಷೇಮ. ಕಾಸ್ಟಿಕ್ ಸೋಡಾ ಬಿದ್ದರೆ ಕವಚ ಕರಗಿ, ಕೆಳಗಿನ ಲೋಹ ಹೈಡ್ರೋಜನ್ ಅನಿಲ ಬಿಡುತ್ತ ಕರಗತೊಡಗುತ್ತದೆ. ಹತ್ತಾರು ಮೈಕ್ರಾನ್‌ಗಳ ಲೆಕ್ಕದಲ್ಲಿ ಕೂರಿಸಿದ ಬೇರಿಂಗ್ ಗೂಡು ಸಡಿಲವಾದರೆ ಮತ್ತೆ ಸರಿಮಾಡಲಾಗದು. ಕೆಂಪು, ನೀಲಿ ಬಣ್ಣದ ಆನೊಡೈಸ್ ಮಾಡಿದ ಭಾಗಗಳ ಬಣ್ಣ ನಿಮಿಷಗಳಲ್ಲಿ ಹೋಗುತ್ತದೆ. ವಾಷಿಂಗ್ ಸೋಡಾ ಇದರ ತಮ್ಮ, ಡಿಶ್‌ವಾಷರ್ ಪುಡಿಯೂ ಅದೇ ವಂಶದ್ದು. ಎರಡೂ ಅಲ್ಯೂಮಿನಿಯಂ ಮೈಯನ್ನು ಮಂಕು ಬೂದಿಬಣ್ಣಕ್ಕೆ ತಿರುಗಿಸುತ್ತವೆ. ಅವನ್ ಕ್ಲೀನರ್ ಸಲಹೆ ಕೊಡುವವರಿಗೆ ಕಿವಿಗೊಡಬೇಡಿ ಎಂದೇ ನಾನು ಹೇಳುವುದು.

ಥಿನ್ನರ್, ಅಸಿಟೋನ್, ಮೆಥನಾಲ್ ತಾಜಾ ಎಣ್ಣೆಯನ್ನು ಕರಗಿಸುತ್ತವೆ. ಹೆಣೆದುಕೊಂಡ ವಾರ್ನಿಷ್ ಅವುಗಳಲ್ಲಿ ಕರಗುವುದಿಲ್ಲ, ಹೆಚ್ಚೆಂದರೆ ತುಸು ಮೆತ್ತಗಾಗುತ್ತದೆ.

ಮಾದರಿ ವಿಮಾನದವರು ಬಹಳ ಕಾಲದಿಂದ ನೆಚ್ಚಿಕೊಂಡ ಉಪಾಯ ಬೇರೆಯೇ: ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್. ಅಮೆರಿಕದ ಮನೆಗಳಲ್ಲಿ ಸಣ್ಣ ಬಿಸಿಯಲ್ಲಿ ದಿನವಿಡೀ ಸಾರು ಕುದಿಸುವ ಕ್ರಾಕ್ ಪಾಟ್ ಎಂಬ ವಿದ್ಯುತ್ ಮಡಕೆ ಇರುತ್ತದೆ. ಹಳೆಯದೊಂದನ್ನು ತಂದು, ಎಂಜಿನ್ ಮುಳುಗುವಷ್ಟು ಕೂಲಂಟ್ ಸುರಿದು, ಗಂಟೆಗಟ್ಟಲೆ ಬಿಸಿಯಲ್ಲಿ ಇಟ್ಟುಬಿಡುತ್ತಾರೆ. ಕೂಲಂಟಿನ ಮುಖ್ಯ ವಸ್ತು ಎಥಿಲೀನ್ ಗ್ಲೈಕಾಲ್, ಅದರ ಪುಟ್ಟ ಅಣುವಿನಲ್ಲಿ ಎರಡು ಹೈಡ್ರಾಕ್ಸಿಲ್‌ಗಳಿವೆ. ಹರಳೆಣ್ಣೆಯ ವಾರ್ನಿಷ್‌ನಲ್ಲೂ ಆಮ್ಲಜನಕ ಹೊತ್ತ ಗುಂಪುಗಳು ಹೇರಳ. ಸ್ವಭಾವ ಹೊಂದುವುದರಿಂದ ಬಿಸಿ ಗ್ಲೈಕಾಲ್ ಹೆಣಿಗೆಯ ಕಣ್ಣುಗಳೊಳಗೆ ನುಸುಳುತ್ತದೆ. ಲೇಪ ಉಬ್ಬಿ, ಮೆದುವಾಗಿ, ಲೋಹದ ಮೇಲಿನ ಹಿಡಿತ ಬಿಡುತ್ತದೆ. ಇನ್ನೊಂದು ಅನುಕೂಲವೆಂದರೆ, ಕೂಲಂಟ್ ಹುಟ್ಟಿದ್ದೇ ಅಲ್ಯೂಮಿನಿಯಂ ರೇಡಿಯೇಟರುಗಳಲ್ಲಿ ವರ್ಷಗಟ್ಟಲೆ ಓಡಾಡಲು. ತುಕ್ಕು, ಸವೆತ ತಡೆಯುವ ರಾಸಾಯನಿಕಗಳು ಅದರಲ್ಲಿ ಮೊದಲೇ ಬೆರೆತಿರುತ್ತವೆ.

ನಮ್ಮಲ್ಲಿ ಕ್ರಾಕ್ ಪಾಟ್ ಅಪರೂಪ. ಅಡುಗೆಗೆ ಮತ್ತೆಂದೂ ಬಳಸದ ಸ್ಟೀಲ್ ಡಬ್ಬಿಯಲ್ಲಿ ಕೂಲಂಟ್ ಮತ್ತು ಎಂಜಿನ್ ಹಾಕಿ, ಆ ಡಬ್ಬಿಯನ್ನು ನೀರಿರುವ ದೊಡ್ಡ ಪಾತ್ರೆಯಲ್ಲಿಟ್ಟು ವಿದ್ಯುತ್ ಒಲೆಯ ಮೇಲೆ ಕಾಯಿಸಿದರೆ ಸಾಕು. ಹೊರಗಿನ ನೀರು ಇರುವವರೆಗೆ ಒಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದು. ಇದನ್ನು ಅಡುಗೆಮನೆಯಲ್ಲಿ ಮಾಡಬಾರದು, ಗಾಳಿಯಾಡುವ ಹೊರಜಾಗ ಬೇಕು. ಮುಚ್ಚಳ ಬಿಗಿಯಬಾರದು, ಕೈಗೆ ಗ್ಲೌಸ್ ಇರಲಿ, ನೀರು ಆರದಂತೆ ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಭಾಗ, ರಬ್ಬರ್ ರಿಂಗು, ಗ್ಯಾಸ್ಕೆಟ್, ಗ್ಲೋ ಪ್ಲಗ್ ಇವನ್ನು ಮೊದಲೇ ಬಿಚ್ಚಿಡಿ. ತೆಳು ಲೇಪವಾದರೆ ಕೆಲವೇ ಗಂಟೆ, ಕಡುಗಪ್ಪಾದರೆ ಇಡೀ ದಿನ. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಹೆಚ್ಚಿನದೆಲ್ಲ ಸಿಪ್ಪೆಯಂತೆ ಏಳುತ್ತದೆ. ಉಳಿದದ್ದಕ್ಕೆ ಇನ್ನೊಂದು ಸುತ್ತು ಕಾಯಿಸಿ; ಚಾಕು, ಸ್ಟೀಲ್ ಜುಂಗು ಬೇಡ. ಜುಂಗಿನ ಒಂದೇ ಒಂದು ಎಳೆ ಬೇರಿಂಗಿಗೆ ಸೇರಿದರೂ ಸಾಕು, ಎಂಜಿನ್ ಕೆಡಲು.

ಅಲುಗದ ಶಾಫ್ಟನ್ನು ಮೊದಲ ದಿನವೇ ಪ್ರೊಪೆಲ್ಲರ್ ಹಿಡಿದು ತಿರುಚುವವರು ಕನೆಕ್ಟಿಂಗ್ ರಾಡ್ ಬಾಗಿಸುತ್ತಾರೆ. ಹೇರ್ ಡ್ರೈಯರ್‌ನಿಂದ ಚೆನ್ನಾಗಿ ಬಿಸಿಮಾಡಿದರೆ ಒಳಗೆ ಅಂಟಾಗಿ ಕೂತ ಹರಳೆಣ್ಣೆ ಮೆತ್ತಗಾಗುತ್ತದೆ. ಬಹಳಷ್ಟು ಸಲ ಬೆರಳಿನ ಬಲವೇ ಸಾಕಾಗುತ್ತದೆ.

ಎಷ್ಟು ತೊಳೆಯಬೇಕು ಎಂಬ ಪ್ರಶ್ನೆಯೂ ಇದೆ. ಹೊರಗಿನ ಫಿನ್‌ಗಳಿಗೆ ಮೀನಮೇಷ ಬೇಡ. ಒಳಗಿನ ವಿಚಾರ ಎರಡು ಬಗೆ. ಸಿಲಿಂಡರಿನ ಮೇಲ್ಭಾಗದಲ್ಲಿ ವಾರ್ನಿಷ್ ಕಟ್ಟಿದರೆ ಪಿಸ್ಟನ್ ಬಿಗಿಯಾಗಿ ವೇಗ ಇಳಿಯುತ್ತದೆ. ಕಾಕ್ಸ್‌ನಂಥ ಎಂಜಿನ್‌ಗಳಲ್ಲಿ ಅದನ್ನು ತೆಗೆದ ಕೂಡಲೇ ಹಳೆಯ ಕಿರುಚಾಟ ಮರಳುತ್ತದೆ. ಆದರೆ ಸವೆದುಹೋದ ಮುದಿ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಅದೇ ಪದರ ಮುಚ್ಚಿರಬಹುದು, ತೆಗೆದರೆ ಕಂಪ್ರೆಷನ್ ಬಿದ್ದುಹೋಗುತ್ತದೆ. ತಿರುಗಿಸಿದಾಗ ಒಳಗಿನಿಂದ ಒಳ್ಳೆಯ ಪ್ರತಿರೋಧ ಸಿಗುತ್ತಿದ್ದರೆ ಪಿಸ್ಟನ್ನನ್ನು ಅದರ ಪಾಡಿಗೆ ಬಿಡುವುದು ಜಾಣತನ. ಫಳಫಳ ಹೊಳೆಯಲೇಬೇಕೆಂಬ ಹಟ ಹಳೆಯ ವಸ್ತುಗಳ ಮೇಲೆ ಒಳ್ಳೆಯದಲ್ಲ.

ಕೂಲಂಟ್ ಕೆಲಸ ಮುಗಿದೊಡನೆ ಇನ್ನೊಂದು ಶತ್ರು ಕಾದಿರುತ್ತದೆ. ಜಿಡ್ಡೆಲ್ಲ ಹೋದ ಉಕ್ಕಿನ ಶಾಫ್ಟಿಗೆ, ಬೇರಿಂಗಿಗೆ ತುಕ್ಕು ಹಿಡಿಯಲು ಒಂದು ತೇವದ ರಾತ್ರಿ ಸಾಕು. ಬಿಸಿನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ತಡಮಾಡದೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಶಾಫ್ಟನ್ನು ಕೈಯಿಂದ ತಿರುಗಿಸಬೇಕು. ಮುಂದೆ ಹಾರಿಸಿದ ದಿನವೆಲ್ಲ, ಟ್ಯಾಂಕಿನ ಇಂಧನ ಪೂರ್ತಿ ಉರಿದ ಮೇಲೆ ಇದೇ ಎಣ್ಣೆಯ ನಾಲ್ಕು ಹನಿ ಬಿಡುವ ಅಭ್ಯಾಸವಿದ್ದರೆ ಒಳ್ಳೆಯದು. ಉಳಿದ ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಕೊನೆಗೆ, ಡಬ್ಬಿಯಲ್ಲಿ ಉಳಿದ ಆ ಕೂಲಂಟ್. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಮಕ್ಕಳನ್ನೂ ನಾಯಿಗಳನ್ನೂ ಸೆಳೆಯುವುದು ಅದರ ಆ ರುಚಿಯೇ. ಒಬ್ಬ ದೊಡ್ಡ ಮನುಷ್ಯನ ಪ್ರಾಣಕ್ಕೆ ಸುಮಾರು 100 ಮಿಲಿ ಸಾಕು. ಪಿತ್ತಜನಕಾಂಗ ಅದನ್ನು ಆಕ್ಸಾಲಿಕ್ ಆಮ್ಲದ ತನಕ ಒಡೆಯುತ್ತದೆ, ಅದು ಕ್ಯಾಲ್ಸಿಯಂ ಜೊತೆ ಕೂಡಿ ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಆದ್ದರಿಂದ ಬಳಸಿದ ದ್ರವವನ್ನು ತಣಿಸಿ, ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಮೇಲೆ ‘ವಿಷ’ ಎಂದು ದೊಡ್ಡದಾಗಿ ಬರೆದು, ಹಳೆಯ ಕೂಲಂಟ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಚರಂಡಿಗಾಗಲಿ, ಹಿತ್ತಲಿನ ಮಣ್ಣಿಗಾಗಲಿ ಸುರಿಯಬೇಡಿ.