ಅರಮನೆಯ ಪ್ರಣಯಚಿತ್ರ, ಅಂಗಡಿಯ ಸರಕು

ಉಪ್ಪರಿಗೆಯ ಮೇಲೆ ಅರಸನೊಬ್ಬನು ಲೋಡಿಗೆ ಒರಗಿ ಕುಳಿತಿದ್ದಾನೆ. ಅರಸಿಯು ತಾಂಬೂಲ ನೀಡುತ್ತಿದ್ದಾಳೆ, ಹಿಂದೆ ದಾಸಿಯು ಚಾಮರ ಬೀಸುತ್ತಿದ್ದಾಳೆ. ದಖ್ಖನಿನ ಚಿಕಣಿ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ದೃಶ್ಯವಿದು. ರಸಿಕರು ಇದರಲ್ಲಿ ಶೃಂಗಾರವನ್ನು ಕಾಣುತ್ತಾರೆ. ವರ್ತಕನ ಕಣ್ಣಿಗಾದರೋ ಜರಿಯ ವಸ್ತ್ರ, ಮುತ್ತಿನ ಸರ, ಬಿದರಿಯ ಹುಕ್ಕಾ, ರತ್ನಗಂಬಳಿಗಳ ಸರಕುಪಟ್ಟಿಯೇ ತೋರೀತು.

ಚಿತ್ರದೊಳಗಿನ ಸರಕಿಗಿಂತ ಚಿತ್ರವನ್ನು ಮಾಡಿದ ಸರಕು ಇನ್ನೂ ಕುತೂಹಲಕರ. ನೀಲಿಗೆ ಆಫ್ಘಾನಿಸ್ತಾನದ ಬದಖ್‌ಶಾನ್ ಗಣಿಯ ಲಾಜವರ್ದ ಕಲ್ಲು, ಕೆಂಪಿಗೆ ಇಂಗಳಿಕ, ಹಳದಿಗೆ ಹರಿದಾಳ, ಕಪ್ಪಿಗೆ ದೀಪದ ಕಾಡಿಗೆ, ಬಣ್ಣ ಹಿಡಿಯಲು ಮರದ ಅಂಟು. ಹತ್ತಿಯ ಚಿಂದಿಯಿಂದಲೂ ಕಾಗದ ತಯಾರಾಗುತ್ತಿತ್ತು. ಹಲವು ಹಾಳೆಗಳನ್ನು ಅಂಟಿಸಿ, ನುಣುಪು ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ಕುಂಚಕ್ಕೆ ಅಳಿಲಿನ ಬಾಲದ ಕೂದಲು. ರೇಖೆ ಎಳೆಯುವವನೊಬ್ಬ, ಬಣ್ಣ ತುಂಬುವವನೊಬ್ಬ, ಮುಖ ಬರೆಯುವವನು ಮತ್ತೊಬ್ಬ ಎಂಬ ಕೆಲಸದ ಹಂಚಿಕೆಯೂ ಇರುತ್ತಿತ್ತು. ಮೆಚ್ಚುಗೆ ಪಡೆದ ಚಿತ್ರದ ಗೆರೆಗಳ ಮೇಲೆ ಸೂಜಿಯಿಂದ ಚುಚ್ಚಿ, ರಂಧ್ರಗಳ ಮೂಲಕ ಇದ್ದಿಲ ಪುಡಿ ಉದುರಿಸಿ ಪ್ರತಿ ತೆಗೆಯುವ ಉಪಾಯವೂ ಅವರಿಗೆ ಗೊತ್ತಿತ್ತು. ಒಟ್ಟಿನಲ್ಲಿ ಅದೊಂದು ಕಾರ್ಖಾನೆಯೇ.

ರಾಯಚೂರನ್ನು ಆಳಿದ ಬಿಜಾಪುರದ ಆದಿಲಶಾಹಿಗಳಲ್ಲಿ ಎರಡನೇ ಇಬ್ರಾಹಿಮನ ಕಾಲ (1580–1627) ಈ ಕಲೆಯ ಉಚ್ಛ್ರಾಯ ಕಾಲ. ಅನಂತರ ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ, ಈಗ ಯಾದಗಿರಿ ಜಿಲ್ಲೆಗೆ ಸೇರಿದ ಸುರಪುರದಲ್ಲಿ ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಸೂಕ್ಷ್ಮ ರೇಖೆ, ಚಿನ್ನದ ರೇಕುಗಳ ಶೈಲಿಯೊಂದನ್ನು ಬೆಳೆಸಿದರು. ಅಲ್ಲಿ ಪ್ರಣಯಕ್ಕಿಂತ ದೇವತೆಗಳಿಗೇ ಹೆಚ್ಚಿನ ಸ್ಥಾನ. 1858ರ ಬಂಡಾಯ ವಿಫಲವಾಗಿ ಸಂಸ್ಥಾನ ಅಳಿದ ಮೇಲೆ ಅವರಿಗೆ ರಾಜಾಶ್ರಯ ತಪ್ಪಿತು.

ಹೀಗೆ ಆಶ್ರಯ ತಪ್ಪಿದ ಕಲೆಯ ಕೃತಿಗಳು ಇಂದು ಬೆಲೆಬಾಳುವ ವಸ್ತುಗಳು. ರಾಯಚೂರು, ದೇವದುರ್ಗ, ಮಾನ್ವಿಯ ಯಾವುದೇ ಹಳೆಯ ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ಹಾಳೆ ದೊರೆತರೆ, ಬಾಗಿಲಿಗೆ ಬಂದ ಅಪರಿಚಿತ ದಲ್ಲಾಳಿಗೆ ಒಪ್ಪಿಸುವ ಮುನ್ನ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯನ್ನು ಗಮನಿಸಬೇಕು. ನೂರು ವರ್ಷ ಕಳೆದ ಚಿತ್ರ ಪುರಾವಸ್ತುವಾಗುತ್ತದೆ. ಚಿಕಣಿ ಚಿತ್ರಗಳನ್ನು ನೋಂದಣಿ ಅಧಿಕಾರಿಯಲ್ಲಿ ನೋಂದಾಯಿಸಬೇಕು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮೀರಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ತಿಳಿಯದೆ ಮಾರಿದವನು ಬೆಲೆಯನ್ನೂ ಕಳೆದುಕೊಳ್ಳುತ್ತಾನೆ, ತೊಡಕಿಗೂ ಸಿಲುಕುತ್ತಾನೆ.

ಹೊಸದಾಗಿ ಬರೆದ ಚಿತ್ರಗಳಿಗೆ ಈ ನಿರ್ಬಂಧಗಳಿಲ್ಲ. ರಫ್ತಿನ ವೇಳೆ ಸಂಶಯ ಬಂದಲ್ಲಿ ಅದು ಪುರಾವಸ್ತುವಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬಹುದು. ಆದರೆ ಹೊಸ ಹಾಳೆಗೆ ಚಹದ ನೀರು ಬಳಿದು ಹಳೆಯದೆಂದು ಮಾರುವುದು ಶುದ್ಧ ಮೋಸ. ಕೊಳ್ಳುವವರು ಬಿಲ್ಲಿನಲ್ಲಿ ಚಿತ್ರಕಾರನ ಹೆಸರನ್ನೂ ಬರೆದ ವರ್ಷವನ್ನೂ ಕೇಳಿ ಬರೆಸಿಕೊಳ್ಳುವುದು ಲೇಸು.