ಎದೆ ಢವಗುಟ್ಟಿದಾಗಲೆಲ್ಲ ಹೃದಯಾಘಾತವಲ್ಲ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡರು. ಅದರ ಬೆನ್ನಿಗೇ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹರಡಿದಾಗ ಬೆಂಗಳೂರು, ಮೈಸೂರಿನಲ್ಲಿ ಮತ್ತೆ ಅದೇ ನೂಕುನುಗ್ಗಲು. ಹಾಸನ ಕಲಬುರಗಿ ಜಿಲ್ಲೆಯ ನಮ್ಮ ಚಿತ್ತಾಪುರಕ್ಕೆ ಬಲು ದೂರ, ಆದರೆ ಮೊಬೈಲಿನಲ್ಲಿ ಬರುವ ಭಯಕ್ಕೆ ದೂರವೆಂಬುದಿಲ್ಲ. ಆ ಭಯದ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದ ಕೆಲವು ಮಾತುಗಳನ್ನು ತಿದ್ದಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ಎದೆ ಢವಢವ ಹೊಡೆದು, ಉಸಿರು ಹಿಡಿದು, ಕೈಕಾಲು ಜೋಮು ಹಿಡಿದರೆ ಅದು ಹೃದಯಾಘಾತವೇ. ಜೀವ ಹೋಯಿತೆಂದೇ ಲೆಕ್ಕ.

ವಾಸ್ತವ: ತೊಗರಿ ಹೊಲದಲ್ಲಿ ಕಾಲ ಬಳಿ ಹಾವು ಸರಿದರೆ ಎದೆ ಹೀಗೇ ಬಡಿಯುತ್ತದೆ. ಅಡ್ರಿನಲಿನ್ ನುಗ್ಗಿ, ಓಡಲು ಮೈಯನ್ನು ಸಜ್ಜುಮಾಡುತ್ತದೆ. ಪ್ಯಾನಿಕ್ ಅಟ್ಯಾಕ್‌ನಲ್ಲಿ, ಅಂದರೆ ಹಠಾತ್ತನೆ ಎರಗುವ ತೀವ್ರ ಗಾಬರಿಯಲ್ಲಿ, ಹಾವಿಲ್ಲ, ಸಜ್ಜು ಮಾತ್ರ ಪೂರ್ತಿ. ಗಾಬರಿಯಲ್ಲಿ ಉಸಿರು ಜೋರಾಗುತ್ತದೆ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳು, ತುಟಿ ಜುಮ್ಮೆನ್ನುವುದು, ತಲೆ ತಿರುಗುವುದು, ಎದೆ ಬಿಗಿಯುವುದು ಅದರಿಂದಲೇ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಆಮೇಲೆ ತಾನಾಗಿ ಇಳಿಯುತ್ತದೆ. ಕೂತು, ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಬೇಕು. ಚೀಲದೊಳಗೆ ಉಸಿರಾಡಿಸುವ ಹಳೆಯ ಉಪಾಯ ಬೇಡ. ಕಾಯಿಲೆ ನಿಜವಾಗಿ ಹೃದಯದ್ದೇ ಆಗಿದ್ದರೆ ಅದರಿಂದ ಅಪಾಯ.

ಆದರೆ ಮೊದಲ ಸಲ ಇದು ಬಂದಾಗ ಮನೆಯಲ್ಲೇ ಊಹಿಸಿ ಸುಮ್ಮನಾಗಬಾರದು. ಎದೆಯ ಮೇಲೆ ಭಾರ ಕೂತಂತಾಗುವುದು, ನೋವು ತೋಳಿಗೋ ದವಡೆಗೋ ಹಬ್ಬುವುದು, ತಣ್ಣನೆ ಬೆವರು, ನಡೆದಾಗ ಹೆಚ್ಚಾಗುವ ನೋವು, ಇವು ಕಂಡರೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇದ್ದವರು, ಗುಟ್ಕಾ, ಬೀಡಿ ಚಟದವರು ಇನ್ನೂ ಬೇಗ ಹೊರಡಬೇಕು. ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತಕ್ಷಣ ಇಸಿಜಿ ಮಾಡಿಸಲೆಂದೇ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದಿದೆ. ಜಯದೇವದ ಶಾಖೆ ಕಲಬುರಗಿಯಲ್ಲೇ ಇದೆ. ಮೇ ತಿಂಗಳ ಬಿಸಿಲಲ್ಲಿ ಫರಸಿ ಗಣಿಯಲ್ಲಿ ದುಡಿದು ಬಂದವರಿಗೆ ತಲೆ ತಿರುಗಿದರೆ ಅದನ್ನು ಬರೀ ಗಾಬರಿ ಎನ್ನುವುದೂ ತಪ್ಪು. ಅದು ಬಿಸಿಲಿನ ಹೊಡೆತವಿರಬಹುದು. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಎದೆ ಬಡಿಯುತ್ತದೆ.

ತಪ್ಪು ಕಲ್ಪನೆ: ಇಸಿಜಿ ಸರಿ ಇದೆ ಅಂದಮೇಲೆ ಉಳಿದದ್ದೆಲ್ಲ ನಾಟಕ.

ವಾಸ್ತವ: ಹೃದಯ ಸರಿ ಇದೆ, ಅಷ್ಟೇ. ಆ ಬಡಿತ, ಆ ನಡುಕ, ಸಾಯುತ್ತೇನೆಂಬ ಆ ನಂಬಿಕೆ ಯಾವುದೂ ಸುಳ್ಳಲ್ಲ. ಸೊಸೆಯಂದಿರಿಗೆ ನಾಟಕವೆಂಬ ಈ ಮಾತನ್ನು ನಾವು ತೀರಾ ಸಲೀಸಾಗಿ ಅಂದುಬಿಡುತ್ತೇವೆ.

ತಪ್ಪು ಕಲ್ಪನೆ: ಇನ್ನೊಂದು ಸ್ಕ್ಯಾನ್, ಇನ್ನೊಬ್ಬ ಡಾಕ್ಟರ್ ಆದರೆ ಸಮಾಧಾನವಾಗುತ್ತದೆ.

ವಾಸ್ತವ: ಆಗುತ್ತದೆ, ಕೆಲವು ದಿನ ಮಾತ್ರ. ಆಮೇಲೆ ಎಲ್ಲಾದರೂ ಚುಚ್ಚಿದಂತಾದರೆ ಅನುಮಾನ ಮರಳುತ್ತದೆ. ಪ್ರತಿ ತಪಾಸಣೆಯೂ ಮನಸ್ಸಿಗೆ ಕಲಿಸುವುದು ಒಂದೇ ಪಾಠ: ನೋಡಿಸಿಕೊಳ್ಳದಿದ್ದರೆ ಅಪಾಯ. ಗಳಿಗೆಗೊಮ್ಮೆ ನಾಡಿ ಹಿಡಿಯುವುದು, ರಾತ್ರಿಯೆಲ್ಲ ಮೊಬೈಲಿನಲ್ಲಿ ಲಕ್ಷಣ ಹುಡುಕುವುದು ಇದೇ ಸುಳಿ. ಒಬ್ಬರೇ ವೈದ್ಯರನ್ನು ನಂಬಿ, ಅವರು ಬೇಕೆಂದ ಪರೀಕ್ಷೆ ಮುಗಿಸಿ, ಅಲ್ಲಿಗೆ ನಿಲ್ಲಿಸಬೇಕು. ನಿಲ್ಲಿಸುವುದು ಕಷ್ಟ, ನಿಜ. ಚಿಕಿತ್ಸೆ ಬೇಕಾಗುವುದು ಅಲ್ಲಿಯೇ.

ತಪ್ಪು ಕಲ್ಪನೆ: ನಿದ್ದೆಯಲ್ಲಿದ್ದವರು ಚೀರಿ ಎದ್ದು ಕೂತರೆ ಅದು ಗಾಳಿ ಸೋಂಕು. ತಾಯತ ಕಟ್ಟಿದ ಕೂಡಲೇ ಇಳಿದದ್ದೇ ಸಾಕ್ಷಿ.

ವಾಸ್ತವ: ಪ್ಯಾನಿಕ್ ಅಟ್ಯಾಕ್ ನಿದ್ದೆಯಿಂದಲೂ ಎಬ್ಬಿಸುತ್ತದೆ. ತಾನಾಗಿ ಇಳಿಯುವುದು ಅದರ ಸ್ವಭಾವ. ಇಳಿಯುವ ಹೊತ್ತಿಗೆ ಕೈಯಲ್ಲಿ ಬೂದಿ ಇದ್ದರೆ ಬೂದಿಗೆ, ನಿಂಬೆಹಣ್ಣಿದ್ದರೆ ನಿಂಬೆಹಣ್ಣಿಗೆ ಹೆಸರು ಬರುತ್ತದೆ. ನಾಗಾವಿ ಯಲ್ಲಮ್ಮನ ಗುಡಿಗೋ ದರ್ಗಾಕ್ಕೋ ಹೋಗಿ ಕೂತು ಬಂದರೆ ಮನಸ್ಸು ಹಗುರಾಗುವುದು ಸುಳ್ಳಲ್ಲ, ಹೋಗಿಬನ್ನಿ. ಆದರೆ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಹಿಂಸೆ. ಭಯದಿಂದ ಬಂದ ಕಾಯಿಲೆ ಅದರಿಂದ ಬಲಿಯುತ್ತದೆ.

ತಪ್ಪು ಕಲ್ಪನೆ: ಹಾಸನದಂಥ ಹಠಾತ್ ಸಾವುಗಳೆಲ್ಲ ಕೋವಿಡ್ ಲಸಿಕೆಯ ಫಲ.

ವಾಸ್ತವ: 2025ರಲ್ಲಿ ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಇದನ್ನೇ ಪರಿಶೀಲಿಸಿತು. ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ನಂಟು ಕಾಣಲಿಲ್ಲ. ಕಂಡದ್ದು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ.

ತಪ್ಪು ಕಲ್ಪನೆ: ಮನೋವೈದ್ಯರ ಬಳಿ ಹೋಗುವವರು ಹುಚ್ಚರು. ಅವರ ಗುಳಿಗೆ ಜೀವನಪೂರ್ತಿ ಬಿಡುವುದಿಲ್ಲ.

ವಾಸ್ತವ: ಚಟವಾಗುವ ಭಯ ಆಲ್ಪ್ರಜೋಲಾಂನಂಥ ಗುಳಿಗೆಗೆ ಸಲ್ಲುತ್ತದೆ. ಚೀಟಿಯಿಲ್ಲದೆ ಅದನ್ನು ಕೊಳ್ಳಲೇಬಾರದು. ಈ ಕಾಯಿಲೆಗೆ ಮುಖ್ಯವಾಗಿ ಕೊಡುವ ಗುಳಿಗೆಗಳು ಬೇರೆ. ಅವು ನಾಟಲು ಕೆಲವು ವಾರ ಬೇಕು, ಚಟ ಹತ್ತಿಸುವುದಿಲ್ಲ, ಬಿಡುವಾಗ ಮಾತ್ರ ವೈದ್ಯರು ಹೇಳಿದಂತೆ ಮೆಲ್ಲಗೆ ಕಡಿಮೆ ಮಾಡಬೇಕು. ಭಯವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಆಪ್ತಸಮಾಲೋಚನೆಯೂ ಅಷ್ಟೇ ಗುಣ ಕೊಡುತ್ತದೆ.

ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಬರುವ ಏರ್ಪಾಡಿದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ. ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ಗಾಬರಿ ಬಂದಾಗ ತಾವು ಕಂಡದ್ದೇನೆಂದು ಅವರೂ ಡಾಕ್ಟರಿಗೆ ಹೇಳಲಿ.