ಉಪ್ಪು ನಂಬಿ ಕೆಟ್ಟೆ

2024ರ ಸಂಕ್ರಾಂತಿ ಕೂಟ ಮುಗಿಸಿ ರಾತ್ರಿ ಮರಳುವಾಗ, ಡೆಟ್ರಾಯಿಟ್ ಹೊರವಲಯದ ಸೇತುವೆಯೊಂದರ ಮೇಲೆ ನಮ್ಮ ಕಾರು ಬುಗುರಿಯಂತೆ ತಿರುಗಿ ತಡೆಗೋಡೆಗೆ ಬಡಿಯಿತು. ಹಿಂದೆ ಕೂತಿದ್ದ ಮಗಳನ್ನು ಉಳಿಸಿದ್ದು ಸೀಟ್ ಬೆಲ್ಟ್.

ರಸ್ತೆಗೆ ಉಪ್ಪು ಹಾಕಿದ್ದಾರಲ್ಲ ಎಂಬ ಧೈರ್ಯ ನನ್ನದು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಬೇರೆ! ತೂಕದಲ್ಲಿ ನೂರಕ್ಕೆ 23 ಪಾಲು ಉಪ್ಪಿದ್ದರೆ ನೀರು -21 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟದು, ನಿಜ. ಅದು ಪ್ರಯೋಗಶಾಲೆಯ ಬೀಕರಿನ ಮಾತು. ರಸ್ತೆಯಲ್ಲಿ -10ರ ಆಸುಪಾಸಿಗೇ ಉಪ್ಪಿನ ಕೆಲಸ ತೀರ ನಿಧಾನ. ಕರಗಿದ ಹಿಮ ಸೇರಿ ದ್ರಾವಣ ತೆಳುವಾದರೆ ಮತ್ತೆ ಗಟ್ಟಿ. ಸೇತುವೆಗೋ ಅಡಿಯಿಂದಲೂ ಚಳಿಗಾಳಿ, ನೆಲದ ಶಾಖವಿಲ್ಲ. ಅಲ್ಲಿನ ಮಂಜುಗಡ್ಡೆ ಗಾಜಿನಂತೆ ಪಾರದರ್ಶಕ. ಕಣ್ಣಿಗೆ ಕಾಣುವುದು ಬರೀ ಕಪ್ಪು ರಸ್ತೆ.

ಹೊಸದಾಗಿ ಬಂದವರೇ, ಸೇತುವೆಗೆ ಮುಂಚೆಯೇ ವೇಗ ಇಳಿಸಿ. ಮೇಲೇರಿದ ಮೇಲೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ನಾನು ತುಳಿದಿದ್ದೆ.